ಸಾಗರೋಷ್ಣತೆಯ ದೀರ್ಘಕಾಲಿಕ ವ್ಯತ್ಯಯಗಳೂ ವಾಯುಗುಣದ ಗಣಿತಪ್ರತಿಕೃತಿಗಳೂ

ಸಮುದ್ರದ ನೀರು ಬೇಸಗೆಯಲ್ಲಿ ಕಾಯುವುದೂ ಚಳಿಗಾಲದಲ್ಲಿ ತಣಿಯುವುದೂ ಸರ್ವರಿಗೂ ವಿದಿತವಾದ ವಿಷಯ. ಅದೇ ನೀರು ಇಪ್ಪತ್ತು, ಅರವತ್ತು, ಇನ್ನೂರು, ಸಾವಿರ ವರ್ಷಗಳ ಅವಧಿಗಳಲ್ಲಿಯೂ ಏರಿಳಿಯುತ್ತದೆಂಬುದು ಅಷ್ಟಾಗಿ ವಿದಿತವಲ್ಲ. ಈ ದೀರ್ಘಕಾಲಿಕ ವ್ಯತ್ಯಯವು ಎಷ್ಟು ದೊಡ್ಡದು, ಗಣಕಯಂತ್ರಗಳಲ್ಲಿ ನಡೆಯುವ ವಾಯುಗುಣದ ಗಣಿತಪ್ರತಿಕೃತಿಗಳು ಅದನ್ನು ಯಥಾವತ್ತಾಗಿ ತೋರಿಸಬಲ್ಲವೆ ಎಂಬ ಪ್ರಶ್ನೆಯನ್ನು ಕುರಿತು ವಿಜ್ಞಾನಿಗಳಲ್ಲಿ ಬಹುಕಾಲದಿಂದ ವಾದವು ನಡೆದುಬಂದಿರುವುದು. ೨೦೧೪ರಲ್ಲಿ ಥಾಮಸ್ ಲೇಪ್ಲೆ, ಪೀಟರ್ ಹೈಬರ್ಸ್ ಎಂಬ ಇಬ್ಬರು ಪ್ರಕಟಿಸಿದ ಪ್ರಬಂಧವೊಂದು ಈ ವಾದವನ್ನು ತೀಕ್ಷ್ಣಗೊಳಿಸಿತು. ಸಾಗರತಳದ ಮಡ್ಡಿಯಲ್ಲಿಯೂ ಇತರ ಪುರಾತನ ಕುರುಹುಗಳಲ್ಲಿಯೂ ಕಂಡುಬರುವ ಉಷ್ಣತೆಯ ಏರಿಳಿತಕ್ಕೂ ಪ್ರತಿಕೃತಿಗಳು ತೋರಿಸುವ ಏರಿಳಿತಕ್ಕೂ ಅಂತರವಿದೆ. ಕಾಲಾವಧಿಯು ದೀರ್ಘವಾದಷ್ಟೂ, ಸಮಭಾಜಕವೃತ್ತವು ಸಮೀಪವಾದಷ್ಟೂ ಆ ಅಂತರವು ಬೆಳೆಯುತ್ತದೆ. ಉಷ್ಣವಲಯದಲ್ಲಿ ಸಹಸ್ರವರ್ಷಗಳ ಅವಧಿಗೆ ಅದು ನೂರು ಪಟ್ಟಿನಷ್ಟಾಗುತ್ತದೆ ಎಂಬುದು ಅವರ ನಿರ್ಣಯ. ಈ ನೂರು ಪಟ್ಟೆಂಬುದು ವಿಚಲನದ ವರ್ಗದ ಲೆಕ್ಕ. ಡಿಗ್ರಿಗಳಲ್ಲಿ ಹೇಳುವುದಾದರೆ ಹತ್ತು ಪಟ್ಟು. ಆದರೂ ಅದು ಅಲ್ಪವಲ್ಲ.

ಪ್ರತ್ಯಕ್ಷಕ್ಕೂ ಅನುಮಾನಕ್ಕೂ ವಿರೋಧ ಬಂದಲ್ಲಿ ಪ್ರತ್ಯಕ್ಷವೇ ಬಲೀಯವೆಂದು ಹೇಳುವುದು ಸುಲಭ. ಆದರೆ ಇಲ್ಲಿ ಪ್ರತ್ಯಕ್ಷವೆಂದು ಕರೆಯಲ್ಪಡುವುದು ಶುದ್ಧ ಪ್ರತ್ಯಕ್ಷವಲ್ಲ. ನಾವಿಕನು ಬರೆದ ಅಂಕಿ, ಅದನ್ನು ಪ್ರತಿಮಾಡಿದ ಗುಮಾಸ್ತನ ಕೈ, ಸೂಕ್ಷ್ಮಜೀವಿಯ ಚಿಪ್ಪಿನ ರಸಾಯನ, ಇವುಗಳ ಮೂಲಕ ಬಂದ ಸಾಕ್ಷ್ಯವದು. ಆದುದರಿಂದ ಈ ಪ್ರಶ್ನೆಯ ಚರಿತ್ರೆಯು ಭೌತಶಾಸ್ತ್ರದ ಚರಿತ್ರೆಯಾಗಿರುವಂತೆಯೇ ಪಾಠಪರಿಷ್ಕರಣದ ಚರಿತ್ರೆಯೂ ಆಗಿದೆ. ಓಲೆಗರಿಗಳನ್ನು ಮುಂದಿಟ್ಟುಕೊಂಡು ಶುದ್ಧಪಾಠವನ್ನು ಹುಡುಕುವ ವಿದ್ವಾಂಸರಿಗೆ ಇದರಲ್ಲಿ ಅಪರಿಚಿತವಾದುದು ಕಡಮೆ.

೧೮೫೩ರಲ್ಲಿ ಅಮೆರಿಕದ ನೌಕಾಧಿಕಾರಿ ಮ್ಯಾಥ್ಯೂ ಫಾಂಟೇನ್ ಮೌರಿಯ ಪ್ರಯತ್ನದಿಂದ ಬ್ರಸೆಲ್ಸ್ ನಗರದಲ್ಲಿ ಹತ್ತು ರಾಷ್ಟ್ರಗಳ ಪ್ರತಿನಿಧಿಗಳ ಸಭೆಯೊಂದು ಸೇರಿತು. ಹಡಗುಗಳ ದಿನಚರಿಗಳಲ್ಲಿ ಗಾಳಿ, ವಾಯುಭಾರ, ಸಮುದ್ರಜಲದ ಉಷ್ಣತೆ ಮೊದಲಾದವುಗಳನ್ನು ಏಕರೀತಿಯಾಗಿ ಬರೆಯತಕ್ಕದ್ದೆಂದು ಆ ಸಭೆಯಲ್ಲಿ ಗೊತ್ತಾಯಿತು. ನೀರಿನ ಉಷ್ಣತೆಯನ್ನು ಅಳೆಯುವ ಕ್ರಮವು ಅತಿ ಸರಳವಾದದ್ದು: ಹಗ್ಗ ಕಟ್ಟಿದ ಬಕೆಟ್ಟನ್ನು ಸಮುದ್ರಕ್ಕೆ ಇಳಿಬಿಡುವುದು, ಮೇಲೆಳೆದು ಉಷ್ಣಮಾಪಕವನ್ನು ಅದ್ದುವುದು, ಅಂಕಿಯನ್ನು ಬರೆದುಕೊಳ್ಳುವುದು. ಮೊದಮೊದಲು ಬಕೆಟ್ಟುಗಳು ಮರದವು. ಬಳಿಕ ಕ್ಯಾನ್ವಾಸ್ ಬಟ್ಟೆಯವು ಬಳಕೆಗೆ ಬಂದುವು. ಕ್ಯಾನ್ವಾಸಿನ ಬಕೆಟ್ಟಿನಲ್ಲಿ ನೀರು ಬಟ್ಟೆಯ ಮೂಲಕ ಒಸರಿ, ಹಡಗಿನ ಮೇಲೆ ಬೀಸುವ ಗಾಳಿಗೆ ಆವಿಯಾಗಿ, ಅಳೆಯುವಷ್ಟರಲ್ಲಿಯೇ ತಣಿಯುತ್ತದೆ. ಮಣ್ಣಿನ ಹೂಜಿಯ ನೀರು ತಂಪಾಗುವ ನ್ಯಾಯವೇ ಇಲ್ಲಿಯೂ ನಡೆಯುವುದು. ಉಗಿಹಡಗುಗಳು ಬಂದ ಮೇಲೆ ಎಂಜಿನನ್ನು ತಣಿಸಲು ಒಳಗೆ ಸೆಳೆದುಕೊಳ್ಳುವ ನೀರಿನಲ್ಲಿಯೇ ಉಷ್ಣತೆಯನ್ನು ಅಳೆಯುವ ರೂಢಿಯು ಬೆಳೆಯಿತು. ಈ ನೀರು ಎಂಜಿನಿನ ಕೋಣೆಯ ಕಾವನ್ನು ಸ್ವಲ್ಪ ಹೀರಿಕೊಂಡಿರುತ್ತದೆ. ಒಂದು ಕ್ರಮವು ತಂಪಿನ ಕಡೆಗೂ ಇನ್ನೊಂದು ಬಿಸಿಯ ಕಡೆಗೂ ತಪ್ಪುತ್ತವೆ. ಈ ತಪ್ಪುಗಳು ಡಿಗ್ರಿಯ ಕೆಲವು ದಶಾಂಶಗಳಷ್ಟೇ ಎಂಬುದು ನಿಜ. ಆದರೆ ಹುಡುಕುತ್ತಿರುವ ಏರಿಳಿತವೂ ಅಷ್ಟರದೇ ಆಗಿರುವುದರಿಂದ ಅವನ್ನು ಉಪೇಕ್ಷಿಸುವಂತಿಲ್ಲ. ೧೯೯೫ರಲ್ಲಿ ಫಾಲೆಂಡ್, ಪಾರ್ಕರ್ ಎಂಬವರು ಬಕೆಟ್ಟುಗಳಿಂದ ಎಷ್ಟು ಶಾಖವು ನಷ್ಟವಾಗುವುದೆಂಬುದನ್ನು ಭೌತನಿಯಮಗಳಿಂದ ಗಣಿಸಿ, ಹಳೆಯ ದಾಖಲೆಗಳಿಗೆ ತಿದ್ದುಪಡಿಗಳನ್ನು ಸೂಚಿಸಿದರು. ಬಕೆಟ್ಟಿನ ವಿಷಯದಲ್ಲಿ ಇಷ್ಟು ಶ್ರಮವೇ ಎಂದು ನಗುವವರುಂಟು. ಒಂದು ಅನುಸ್ವಾರಕ್ಕಾಗಿ ನಾಲ್ಕು ಪ್ರತಿಗಳನ್ನು ಹೋಲಿಸಿದವರು ನಗಲಾರರು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಇದಕ್ಕೊಂದು ವಿಚಿತ್ರವಾದ ಉದಾಹರಣೆಯು ದೊರೆಯುತ್ತದೆ. ಯುದ್ಧದ ವರ್ಷಗಳಲ್ಲಿ ಸಮುದ್ರೋಷ್ಣತೆಯ ದಾಖಲೆಗಳಲ್ಲಿ ಬಹುಪಾಲು ಅಮೆರಿಕದ ಹಡಗುಗಳವು; ಅವು ಹೆಚ್ಚಾಗಿ ಎಂಜಿನಿನ ನೀರನ್ನೇ ಅಳೆಯುತ್ತಿದ್ದುವು. ೧೯೪೫ರ ಆಗಸ್ಟ್ ತಿಂಗಳಾದ ಮೇಲೆ ಬ್ರಿಟಿಷ್ ಹಡಗುಗಳ ದಾಖಲೆಗಳು ಒಮ್ಮೆಗೇ ಹೆಚ್ಚಿದುವು. ಅವು ಬಕೆಟ್ಟನ್ನು ಬಳಸುತ್ತಿದ್ದುವು. ಇದರ ಫಲವಾಗಿ ಭೂಮಂಡಲದ ಸಾಗರಗಳೆಲ್ಲವೂ ಆ ವರ್ಷದ ಕೊನೆಯಲ್ಲಿ ಸುಮಾರು ೦.೩ ಡಿಗ್ರಿಯಷ್ಟು ತಟಕ್ಕನೆ ತಣಿದಂತೆ ದಾಖಲೆಗಳಲ್ಲಿ ಕಾಣಿಸಿತು. ಅದಕ್ಕೆ ಕಾರಣವೇನೆಂಬುದು ಬಹುಕಾಲ ಯಾರಿಗೂ ಸ್ಪಷ್ಟವಾಗಿರಲಿಲ್ಲ. ತಣಿದುದು ಸಾಗರವಲ್ಲ, ಬದಲಾದುದು ಅಳೆಯುವವರು ಎಂಬುದನ್ನು ೨೦೦೮ರಲ್ಲಿ ಡೇವಿಡ್ ಥಾಂಪ್ಸನ್ ಮೊದಲಾದವರು ನಿರ್ಧರಿಸಿದರು.

ಲಿಪಿಕಾರದೋಷವೂ ಈ ಚರಿತ್ರೆಯಲ್ಲಿ ಇಲ್ಲದಿಲ್ಲ. ಜಪಾನಿನ ಹಡಗುಗಳ ಅಪಾರವಾದ ದಾಖಲೆಗಳು ಕೋಬೆ ಸಂಗ್ರಹವೆಂಬ ಹೆಸರಿನಿಂದ ಪ್ರಸಿದ್ಧವಾಗಿವೆ. ಅವುಗಳಲ್ಲಿ ೧೯೩೦ರ ದಶಕಕ್ಕೆ ಸೇರಿದ ಒಂದು ಭಾಗವನ್ನು ಯಂತ್ರಕ್ಕೆ ಪ್ರತಿಮಾಡುವಾಗ ದಶಮಾಂಶಬಿಂದುವಿನ ಮುಂದಿನ ಅಂಕಿಯನ್ನು ಕೈಬಿಟ್ಟಿದ್ದರೆಂದು ಡುಓ ಚಾನ್, ಹೈಬರ್ಸ್ ಮೊದಲಾದವರು ೨೦೧೯ರಲ್ಲಿ ತೋರಿಸಿದರು. ೧೮.೯ ಎಂದಿದ್ದುದು ೧೮ ಆಯಿತು, ೧೮.೧ ಎಂದಿದ್ದುದೂ ೧೮ ಆಯಿತು. ಹೀಗೆ ಸರಾಸರಿಯಲ್ಲಿ ಅರ್ಧ ಡಿಗ್ರಿಗೆ ಸಮೀಪವಾದ ತಂಪು ಲೇಖನಿಯ ತುದಿಯಿಂದಲೇ ಹುಟ್ಟಿತು. ಈ ದೋಷವನ್ನೂ ಇತರ ರಾಷ್ಟ್ರಗಳ ದಾಖಲೆಗಳ ದೋಷಗಳನ್ನೂ ತಿದ್ದಿದ ಬಳಿಕ, ಇಪ್ಪತ್ತನೆಯ ಶತಮಾನದ ಪೂರ್ವಭಾಗದಲ್ಲಿ ಉತ್ತರ ಪೆಸಿಫಿಕ್ ಸಾಗರವು ಸ್ವಲ್ಪವೂ ಉತ್ತರ ಅಟ್ಲಾಂಟಿಕ್ ಸಾಗರವು ಬಹಳವಾಗಿಯೂ ಕಾದುವೆಂಬ ಹಿಂದಿನ ವೈಷಮ್ಯವು ಬಹುಮಟ್ಟಿಗೆ ಕರಗಿತು. ಗಣಿತಪ್ರತಿಕೃತಿಗಳಾವುವೂ ಆ ವೈಷಮ್ಯವನ್ನು ತೋರಿಸಿರಲಿಲ್ಲ. ಅದು ಪ್ರತಿಕೃತಿಗಳ ನ್ಯೂನತೆಯೆಂದು ಎಣಿಸಲ್ಪಟ್ಟಿತ್ತು! ೨೦೨೪ರಲ್ಲಿ ಸೆಬಾಸ್ಟಿಯನ್ ಸಿಪ್ಪೆಲ್ ಮೊದಲಾದವರು, ೧೯೦೦ರಿಂದ ೧೯೩೦ರ ವರೆಗಿನ ಸಾಗರದ ದಾಖಲೆಗಳು ಭೂಭಾಗದ ದಾಖಲೆಗಳಿಂದ ಊಹಿಸಬಹುದಾದುದಕ್ಕಿಂತ ಸುಮಾರು ೦.೨೬ ಡಿಗ್ರಿಯಷ್ಟು ತಂಪಾಗಿವೆಯೆಂದೂ, ಆ ತಂಪು ಅಳತೆಯ ದೋಷವೇ ಹೊರತು ನಿಜವಲ್ಲವೆಂದೂ ವಾದಿಸಿದರು. ಇಲ್ಲಿಯೂ ತಿದ್ದುಪಡಿಯು ದಾಖಲೆಗಳನ್ನು ಪ್ರತಿಕೃತಿಗಳ ಸಮೀಪಕ್ಕೆ ತಂದಿತು.

ಇಷ್ಟರಿಂದ ಅಂತರವೆಲ್ಲವೂ ಅಳತೆಯ ದೋಷವೆಂದು ತೀರ್ಮಾನಿಸುವುದು ಅವಸರವಾದೀತು. ಪ್ರತಿಕೃತಿಗಳ ಪಕ್ಷವನ್ನೂ ಪರೀಕ್ಷಿಸತಕ್ಕದ್ದಿದೆ.

ಸಾಗರದ ಉಷ್ಣತೆಗೂ ದೂರದೇಶಗಳ ಮಳೆಗೂ ಸಂಬಂಧವುಂಟೆಂಬ ಜಿಜ್ಞಾಸೆಯು ಪ್ರಬಲವಾಗಿ ಹುಟ್ಟಿದುದು ಭಾರತದಲ್ಲಿಯೇ. ಮೈಸೂರು ಸೀಮೆಯ ಜನರು ಧಾತು ಈಶ್ವರ ಸಂವತ್ಸರಗಳ ಬರವೆಂದು ನೆನೆಯುವ ೧೮೭೬–೭೮ರ ಘೋರಕ್ಷಾಮವು ಮುಂಗಾರಿನ ವೈಫಲ್ಯದಿಂದ ಬಂದದ್ದು. ಭಾರತ ಸರ್ಕಾರದ ಹವಾಮಾನ ಇಲಾಖೆಯು ಅದರ ಹಿಂದಿನ ವರ್ಷ, ಎಂದರೆ ೧೮೭೫ರಲ್ಲಿ, ಸ್ಥಾಪಿತವಾಗಿತ್ತು. ೧೯೦೪ರಿಂದ ೧೯೨೪ರ ವರೆಗೆ ಆ ಇಲಾಖೆಯ ಮುಖ್ಯಾಧಿಕಾರಿಯಾಗಿದ್ದ ಗಿಲ್ಬರ್ಟ್ ವಾಕರ್ ಎಂಬ ಗಣಿತಜ್ಞನು ಮುಂಗಾರನ್ನು ಮೊದಲೇ ತಿಳಿಯುವ ಉಪಾಯವನ್ನು ಹುಡುಕುತ್ತಾ, ಪೆಸಿಫಿಕ್ ಸಾಗರದ ಮೇಲಣ ವಾಯುಭಾರವೂ ಹಿಂದೂ ಮಹಾಸಾಗರದ ಮೇಲಣ ವಾಯುಭಾರವೂ ತಕ್ಕಡಿಯ ಎರಡು ತಟ್ಟೆಗಳಂತೆ ಏರಿಳಿಯುವುದನ್ನು ಕಂಡು, ಅದಕ್ಕೆ ದಕ್ಷಿಣಾಂದೋಲನವೆಂದು ಹೆಸರಿಟ್ಟನು. ಈ ಆಂದೋಲನವೂ ಪೆರು ದೇಶದ ಕರಾವಳಿಯಲ್ಲಿ ನೀರು ಕಾಯುವ ಎಲ್ ನಿನ್ಯೋ ಎಂಬುದೂ ಒಂದೇ ವ್ಯಾಪಾರದ ಎರಡು ಮುಖಗಳೆಂಬುದನ್ನು ಯಾಕೊಬ್ ಬ್ಯರ್ಕ್ನೆಸ್ ೧೯೬೯ರಲ್ಲಿ ವಿವರಿಸಿದನು. ೧೮೭೭–೭೮ರ ಎಲ್ ನಿನ್ಯೋ ಬಹಳ ಪ್ರಬಲವಾಗಿದ್ದಿತು. ಆ ವರ್ಷಗಳಲ್ಲಿ ಹಿಂದೂ ಮಹಾಸಾಗರವೂ ಅಟ್ಲಾಂಟಿಕ್ ಸಾಗರವೂ ಅಸಾಧಾರಣ ಸ್ಥಿತಿಯಲ್ಲಿದ್ದುವೆಂದು ದೀಪ್ತಿ ಸಿಂಗ್ ಮೊದಲಾದವರು ೨೦೧೮ರಲ್ಲಿ ತೋರಿಸಿದ್ದಾರೆ. ಅಂತಹ ಘಟನೆಯು ಎಷ್ಟು ಶತಮಾನಗಳಿಗೊಮ್ಮೆ ಬರತಕ್ಕದ್ದು ಎಂಬುದನ್ನು ನೂರೈವತ್ತು ವರ್ಷಗಳ ದಾಖಲೆಯಿಂದ ಹೇಳುವುದು ದುಸ್ಸಾಧ್ಯ. ಸಾವಿರಾರು ವರ್ಷಗಳನ್ನು ಗಣಕಯಂತ್ರದಲ್ಲಿ ನಡೆಸಬಲ್ಲ ಪ್ರತಿಕೃತಿಯನ್ನೇ ಕೇಳಬೇಕು. ಆ ಪ್ರತಿಕೃತಿಯು ದೀರ್ಘಕಾಲಿಕ ವ್ಯತ್ಯಯವನ್ನು ಕುಗ್ಗಿಸಿ ತೋರಿಸುವುದಾದರೆ ಅದರ ಉತ್ತರವು ಬರವನ್ನೂ ಕುಗ್ಗಿಸಿಯೇ ತೋರಿಸುವುದು. ವಾದದ ತಿರುಳು ಇಲ್ಲಿದೆ.

ದೀರ್ಘಕಾಲಿಕ ವ್ಯತ್ಯಯಕ್ಕೆ ದೀರ್ಘಕಾಲಿಕವಾದ ಕಾರಣವೇ ಇರಬೇಕೆಂಬುದು ಸಾಮಾನ್ಯವಾದ ಊಹೆ. ಸೂರ್ಯನ ಕಲೆಗಳು, ಗ್ರಹಗತಿಗಳು, ಅಗ್ನಿಪರ್ವತಗಳು ಎಂದು ಹಲವರು ಹಲವು ಕಾರಣಗಳನ್ನು ಹುಡುಕಿದರು. ೧೯೭೬ರಲ್ಲಿ ಜರ್ಮನಿಯ ಕ್ಲೌಸ್ ಹಾಸೆಲ್‌ಮನ್ ಈ ಊಹೆಯ ಬುಡವನ್ನೇ ಅಲುಗಿಸಿದನು. ವಾಯುಮಂಡಲವು ಚಪಲಸ್ವಭಾವದ್ದು, ಇಂದಿನ ಗಾಳಿ ಮುಂದಿನ ತಿಂಗಳಿಗೆ ನೆನಪಿರುವುದಿಲ್ಲ. ಸಾಗರವು ಮಂದಸ್ವಭಾವದ್ದು, ವಾಯುಮಂಡಲವೆಲ್ಲವೂ ಹಿಡಿದಿಡಬಲ್ಲ ಶಾಖವನ್ನು ಸಾಗರದ ಮೇಲಣ ಎರಡು ಮೂರು ಮೀಟರುಗಳ ನೀರೇ ಹಿಡಿದಿಡಬಲ್ಲುದು. ಈ ಚಪಲವು ಆ ಮಂದವನ್ನು ದಿನದಿನವೂ ಗೊತ್ತುಗುರಿಯಿಲ್ಲದೆ ತಟ್ಟುತ್ತಿದ್ದರೆ ಸಾಕು, ಸಾಗರದ ಉಷ್ಣತೆಯು ದೀರ್ಘವಾದ ಅಲೆಗಳಾಗಿ ಏರಿಳಿಯುವುದೆಂದು ಅವನು ಗಣಿತದಿಂದ ಸಾಧಿಸಿದನು. ವ್ಯಾಪಾರಿಯೊಬ್ಬನಿಗೆ ಪ್ರತಿದಿನವೂ ಲಾಭನಷ್ಟಗಳು ಯದೃಚ್ಛೆಯಾಗಿ ಬರುತ್ತಿರಲಿ. ಅವನ ಜಮಾಖರ್ಚಿನ ಪುಸ್ತಕದ ಶಿಲ್ಕು ದಿನದಿನಕ್ಕೆ ಸ್ವಲ್ಪಸ್ವಲ್ಪವೇ ಸರಿಯುತ್ತಾ ವರ್ಷಗಟ್ಟಲೆ ಮೇಲೆಯೋ ಕೆಳಗೆಯೋ ನಿಂತುಬಿಡಬಹುದು. ಆ ಏರಿಳಿತಕ್ಕೆ ಗ್ರಹದೆಸೆಯನ್ನು ಹುಡುಕಬೇಕಾಗಿಲ್ಲ. ನೀರಿನಲ್ಲಿ ತೇಲುವ ಸೂಕ್ಷ್ಮಕಣಗಳ ಅಲೆದಾಟಕ್ಕೆ ಐನ್‌ಸ್ಟೈನ್ ೧೯೦೫ರಲ್ಲಿ ಕೊಟ್ಟ ವಿವರಣೆಯ ಜಾತಿಗೇ ಇದು ಸೇರಿದ್ದು. ೨೦೨೧ರಲ್ಲಿ ಹಾಸೆಲ್‌ಮನ್, ಸ್ಯುಕುರೊ ಮನಾಬೆ, ಜ್ಯೋರ್ಜ್ಯೊ ಪಾರಿಸಿ ಈ ಮೂವರಿಗೆ ಭೌತಶಾಸ್ತ್ರದ ನೊಬೆಲ್ ಪಾರಿತೋಷಕವು ದೊರೆಯಿತು.

ಆದರೆ ಹಾಸೆಲ್‌ಮನ್ನನ ಸೂತ್ರದ ಅತಿ ಸರಳವಾದ ರೂಪದಲ್ಲಿ ಒಂದು ಮಿತಿಯುಂಟು. ಸಾಗರದ ಮೇಲ್ಪದರವು ಕಾದರೆ ಗಾಳಿಗೆ ಶಾಖವನ್ನು ಬಿಟ್ಟುಕೊಟ್ಟು ಹಿಂದಿರುಗುತ್ತದೆ. ಆದುದರಿಂದ ಕೆಲವು ವರ್ಷಗಳಿಗಿಂತ ದೀರ್ಘವಾದ ಅವಧಿಗಳಲ್ಲಿ ವ್ಯತ್ಯಯದ ಬಲವು ಹೆಚ್ಚುತ್ತಾ ಹೋಗದೆ ಸಮವಾಗಿ ನಿಲ್ಲತಕ್ಕದ್ದು. ಮಡ್ಡಿ, ಹವಳ ಮೊದಲಾದವುಗಳ ಸಾಕ್ಷ್ಯದಲ್ಲಿ ಅದು ನಿಲ್ಲುವುದಿಲ್ಲ; ಶತಮಾನದಿಂದ ಸಹಸ್ರಮಾನಕ್ಕೆ ಏರುತ್ತಲೇ ಹೋಗುತ್ತದೆ. ಹೀಗಿರಲಾಗಿ ಮೇಲ್ಪದರದ ಕೆಳಗಿನ ಸಾಗರವನ್ನೂ ಅದರ ಪ್ರವಾಹಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದೆ ನಿರ್ವಾಹವಿಲ್ಲ.

ಅದಕ್ಕಾಗಿಯೇ ಪೂರ್ಣಪ್ರತಿಕೃತಿಗಳು ಬೇಕಾದುವು. ವಾಯುವಿನ ಚಲನೆಯನ್ನು ಸಮೀಕರಣಗಳಿಂದ ಹೆಜ್ಜೆಹೆಜ್ಜೆಯಾಗಿ ಗಣಿಸಬಹುದೆಂದು ಲೂಯಿಸ್ ಫ್ರೈ ರಿಚರ್ಡ್‌ಸನ್ ೧೯೨೨ರ ತನ್ನ ಗ್ರಂಥದಲ್ಲಿ ತೋರಿಸಿದನು. ಕೈಲೆಕ್ಕದಲ್ಲಿ ಅದು ಕೊನೆಗಾಣುವ ಕೆಲಸವಾಗಿರಲಿಲ್ಲ. ೧೯೬೯ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ನಿನಲ್ಲಿ ಮನಾಬೆಯೂ ಕರ್ಕ್ ಬ್ರಯಾನನೂ ವಾಯುಮಂಡಲದ ಪ್ರತಿಕೃತಿಯನ್ನೂ ಸಾಗರದ ಪ್ರತಿಕೃತಿಯನ್ನೂ ಜೋಡಿಸಿದ ಪ್ರಥಮ ಗಣನೆಯನ್ನು ಪ್ರಕಟಿಸಿದರು. ಅದರಲ್ಲಿನ ಭೂಮಿಯ ಆಕಾರವು ಕಲ್ಪಿತವಾದದ್ದು. ನಿಜವಾದ ಖಂಡಗಳು ಬಳಿಕ ಬಂದುವು. ಸಾಗರವನ್ನು ಚೌಕಗಳಾಗಿಯೂ ಪದರಗಳಾಗಿಯೂ ವಿಭಾಗಿಸಿ, ಪ್ರತಿಯೊಂದು ಕೋಶದಲ್ಲಿಯೂ ಉಷ್ಣತೆ, ಲವಣಾಂಶ, ಪ್ರವಾಹಗಳನ್ನು ಗಣಿಸುವುದು ಇವುಗಳ ಕ್ರಮ. ಎರಡನ್ನು ಜೋಡಿಸಿ ಬಹುಕಾಲ ನಡೆಸಿದಾಗ ಸಾಗರವು ತನ್ನ ನಿಜಸ್ಥಿತಿಯಿಂದ ಮೆಲ್ಲಮೆಲ್ಲನೆ ಜಾರಿಹೋಗುತ್ತಿತ್ತು. ಅದನ್ನು ತಡೆಯಲು ಸಾಗರವಾಯುಗಳ ನಡುವಣ ಶಾಖಕ್ಕೂ ನೀರಿಗೂ ಕೃತಕವಾದ ಹೊಂದಾಣಿಕೆಯನ್ನು ಸೇರಿಸುವ ಪದ್ಧತಿಯು ೧೯೮೦ರ ದಶಕದ ಕೊನೆಯಲ್ಲಿ ರೂಢವಾಯಿತು. ಇದು ಊರುಗೋಲಿನ ನಡಿಗೆ. ಪ್ರತ್ಯಕ್ಷದಿಂದ ತಿದ್ದಿದ ಪ್ರತಿಕೃತಿಯನ್ನು ಪ್ರತ್ಯಕ್ಷಕ್ಕೆ ಹೋಲುತ್ತದೆಂದು ಹೊಗಳುವುದು ಅನ್ಯೋನ್ಯಾಶ್ರಯದೋಷವೆಂದು ತಾರ್ಕಿಕನು ಆಕ್ಷೇಪಿಸಬಹುದು, ವಿಜ್ಞಾನಿಗಳೂ ಆಕ್ಷೇಪಿಸಿದರು. ಶತಮಾನದ ಕೊನೆಯ ವೇಳೆಗೆ ಇಂಗ್ಲೆಂಡಿನ ಹ್ಯಾಡ್ಲಿ ಕೇಂದ್ರದವರ ಮೂರನೆಯ ಪ್ರತಿಕೃತಿಯೇ ಮೊದಲಾದವು ಊರುಗೋಲಿಲ್ಲದೆ ನಿಂತುವು.

ಮತ್ತೊಂದು ತೊಡಕು ಇಂದಿಗೂ ಪೂರ್ಣವಾಗಿ ಪರಿಹೃತವಾಗಿಲ್ಲ. ದೀರ್ಘಾವಧಿಯ ಗಣನೆಗಳಲ್ಲಿ ಸಾಗರದ ಚೌಕದ ಬದಿಯು ಸಾಮಾನ್ಯವಾಗಿ ನೂರು ಕಿಲೋಮೀಟರುಗಳಷ್ಟಿರುತ್ತದೆ. ಸಾಗರದ ಸುಳಿಗಳು ಹತ್ತರಿಂದ ನೂರು ಕಿಲೋಮೀಟರುಗಳಷ್ಟು ಅಗಲವಾದವು. ಅವು ಬಲೆಯ ಕಣ್ಣುಗಳಿಂದ ಮೀನಿನ ಮರಿಗಳಂತೆ ನುಸುಳಿಹೋಗುತ್ತವೆ. ಅವುಗಳ ಕಾರ್ಯವನ್ನು ಸೂತ್ರಗಳಿಂದ ಸೂಚಿಸಬೇಕಾಗುತ್ತದೆ. ೧೯೯೦ರಲ್ಲಿ ಪೀಟರ್ ಜೆಂಟ್, ಜೇಮ್ಸ್ ಮೆಕ್‌ವಿಲಿಯಮ್ಸ್ ಎಂಬವರು ಕೊಟ್ಟ ಸೂತ್ರವು ಇವುಗಳಲ್ಲಿ ಪ್ರಸಿದ್ಧವಾದದ್ದು. ಇಂತಹ ಸೂತ್ರಗಳು ಸಾಗರವನ್ನು ಇರಬೇಕಾದುದಕ್ಕಿಂತ ಹೆಚ್ಚು ನಯಗೊಳಿಸಿ, ಒಂದೊಂದು ಪ್ರದೇಶದ ಏರಿಳಿತವನ್ನು ಅಳಿಸಿಹಾಕುತ್ತಿರಬಹುದೆಂಬುದು ಒಂದು ಬಲವಾದ ಶಂಕೆ.

ಅಟ್ಲಾಂಟಿಕ್ ಸಾಗರದ ಕಥೆಯು ಇಲ್ಲಿ ಅವಶ್ಯವಾಗಿ ಸ್ಮರಿಸತಕ್ಕದ್ದು. ೧೯೯೩ರಲ್ಲಿ ಥಾಮಸ್ ಡೆಲ್‌ವರ್ತ್, ಮನಾಬೆ, ಸ್ಟೌಫರ್ ಇವರ ಪ್ರತಿಕೃತಿಯಲ್ಲಿ ಉತ್ತರ ಅಟ್ಲಾಂಟಿಕ್ಕಿನ ಆಳಪ್ರವಾಹವು ಸುಮಾರು ಅರ್ಧ ಶತಮಾನದ ಅವಧಿಯಲ್ಲಿ ಏರಿಳಿಯುವುದು ಕಂಡಿತು. ಮರುವರ್ಷವೇ ಶ್ಲೆಸಿಂಗರ್, ರಾಮನ್‌ಕುಟ್ಟಿ ಎಂಬವರು ದಾಖಲೆಗಳಲ್ಲಿ ೬೫–೭೦ ವರ್ಷಗಳ ಆಂದೋಲನವೊಂದನ್ನು ಕಂಡರು. ೨೦೦೦ದಲ್ಲಿ ಇದಕ್ಕೆ ಅಟ್ಲಾಂಟಿಕ್ ಬಹುದಶಕಾಂದೋಲನವೆಂಬ ನಾಮಕರಣವಾಯಿತು. ಆ ಹೆಸರನ್ನು ಸೂಚಿಸಿದವನು ಮೈಕಲ್ ಮಾನ್. ನಾಮವು ಬಂದೊಡನೆ ವಸ್ತುವೂ ಸಿದ್ಧವೆಂದು ಜನರು ನಂಬಿದರು. ಅನಾವೃಷ್ಟಿ, ಚಂಡಮಾರುತ ಎಲ್ಲಕ್ಕೂ ಅದೇ ಕಾರಣವೆಂದು ಬರೆಯಲ್ಪಟ್ಟಿತು. ಆದರೆ ೬೫ ವರ್ಷಗಳ ಆಂದೋಲನವನ್ನು ನೂರೈವತ್ತು ವರ್ಷಗಳ ದಾಖಲೆಯಲ್ಲಿ ಎರಡೇ ಬಾರಿ ನೋಡಬಹುದಷ್ಟೆ. ಎರಡು ಸಲ ಕಂಡುದರಿಂದ ವ್ಯಾಪ್ತಿಯನ್ನು ಸ್ಥಾಪಿಸುವುದು ಯಾವ ತರ್ಕಶಾಸ್ತ್ರಕ್ಕೂ ಸಮ್ಮತವಲ್ಲ. ೨೦೧೨ರಲ್ಲಿ ಬೆನ್ ಬೂತ್ ಮೊದಲಾದವರು, ಕಾರ್ಖಾನೆಗಳ ಹೊಗೆಯೂ ಅಗ್ನಿಪರ್ವತಗಳ ಧೂಳೂ ಬಿಸಿಲನ್ನು ತಡೆದುದರಿಂದಲೇ ಈ ಏರಿಳಿತದ ಬಹುಭಾಗವು ಉಂಟಾಯಿತೆಂದರು. ನೈಯಾಯಿಕರ ಭಾಷೆಯಲ್ಲಿ ಹೇಳುವುದಾದರೆ, ಹೇತುವೆಂದು ಭಾವಿಸಿದ್ದುದರ ಹಿಂದೆ ಉಪಾಧಿಯೊಂದು ಅಡಗಿತ್ತು. ಆ ಉಪಾಧಿಯು ಹೊಗೆಯೇ ಆದುದು ವಿನೋದದ ಸಂಗತಿ. ಮರುವರ್ಷ ರಾಂಗ್ ಜಾಂಗ್ ಮೊದಲಾದವರು ಆ ಪ್ರತಿಕೃತಿಯಲ್ಲಿ ಸಾಗರದ ಆಳದ ಶಾಖವೂ ಲವಣಾಂಶವೂ ದಾಖಲೆಗಳಿಗೆ ಹೊಂದುವುದಿಲ್ಲವೆಂದು ಪ್ರತ್ಯುತ್ತರವಿತ್ತರು. ೨೦೨೧ರಲ್ಲಿ ಮಾನ್ ತಾನೇ, ಹಿಂದಿನ ಸಹಸ್ರವರ್ಷಗಳ ಗಣನೆಗಳನ್ನು ಪರೀಕ್ಷಿಸಿ, ಕೈಗಾರಿಕೆಗೆ ಪೂರ್ವದ ಈ ಆಂದೋಲನವು ಅಗ್ನಿಪರ್ವತಗಳ ಸ್ಫೋಟಗಳ ಕಾಲವಿನ್ಯಾಸದಿಂದ ಹುಟ್ಟಿದ ಆಭಾಸವೆಂದು ಬರೆದನು. ಹೆಸರಿಟ್ಟವನೇ ಹೆಸರನ್ನು ಹಿಂತೆಗೆದುಕೊಂಡ ಇಂತಹ ಪ್ರಸಂಗವು ಪಂಡಿತಲೋಕದಲ್ಲಿ ವಿರಳ. ಆಳಪ್ರವಾಹದ ಪಕ್ಷದವರು ಮಾತ್ರ ಇದನ್ನು ಒಪ್ಪಿಕೊಂಡಿಲ್ಲ.

ಈಗ ಲೇಪ್ಲೆ–ಹೈಬರ್ಸರ ನೂರು ಪಟ್ಟಿಗೆ ಹಿಂದಿರುಗಬಹುದು. ಅವರು ಮುಖ್ಯವಾಗಿ ಆಶ್ರಯಿಸಿದ ಸಾಕ್ಷ್ಯಗಳು ಎರಡು ಬಗೆಯವು: ಫೊರಾಮಿನಿಫೆರವೆಂಬ ಸೂಕ್ಷ್ಮಜೀವಿಗಳ ಸುಣ್ಣದ ಚಿಪ್ಪಿನಲ್ಲಿ ಮೆಗ್ನೀಸಿಯಂ ಮತ್ತು ಕ್ಯಾಲ್ಸಿಯಂಗಳ ಪರಸ್ಪರ ಪ್ರಮಾಣ, ಸಮುದ್ರದ ಸೂಕ್ಷ್ಮ ಪಾಚಿಗಳು ಬಿಟ್ಟುಹೋದ ಆಲ್ಕಿನೋನ್ ಎಂಬ ಜಿಡ್ಡಿನ ಪದಾರ್ಥಗಳು. ನೀರಿನ ಉಷ್ಣತೆಗೆ ಅನುಗುಣವಾಗಿ ಇವೆರಡೂ ಬದಲಾಗುತ್ತವೆ. ಪೂರ್ವಪಕ್ಷವು ಇಂತಿದೆ: ಈ ಜೀವಿಗಳು ವರ್ಷದ ಒಂದು ಋತುವಿನಲ್ಲಿ ಹೆಚ್ಚಾಗಿ ಬೆಳೆಯುವುವು, ಪರೀಕ್ಷೆಗೆ ಸಿಕ್ಕುವ ಚಿಪ್ಪುಗಳು ಕೆಲವೇ, ಅವುಗಳ ಯಾದೃಚ್ಛಿಕ ಭೇದವೇ ವ್ಯತ್ಯಯವೆಂದು ತೋರಬಹುದು. ಇದು ಸಾಧುವಾದ ಆಕ್ಷೇಪ. ಆದರೆ ಸಾಗರತಳದ ಹುಳುಗಳು ಮಡ್ಡಿಯನ್ನು ಕೆದಕಿ ಬೆರೆಸುವುದರಿಂದ ಏರಿಳಿತವು ಕುಗ್ಗಲೂ ಕಾರಣವುಂಟು. ಲೇಖಕರು ಎರಡೂ ದೋಷಗಳನ್ನು ಗಣಿಸಿ ಕಳೆದ ಮೇಲೆಯೂ ಅಂತರವು ಉಳಿಯಿತೆಂದಿರುವರು. ಎರಡು ಭಿನ್ನವಾದ ಸಾಕ್ಷ್ಯಗಳು ಒಂದೇ ಕಡೆಗೆ ತೋರಿಸುತ್ತಿರುವುದರಿಂದ ಅವರ ಮಾತಿಗೆ ಬಲವುಂಟು. ಆದರೂ ನೂರೆಂಬ ಅಂಕಿಯನ್ನು ಅಂತಿಮವೆಂದು ಹಿಡಿಯುವುದು ಉಚಿತವಲ್ಲ. ಬಕೆಟ್ಟಿನ ಪಾಠವು ಚಿಪ್ಪಿಗೂ ಸಲ್ಲುವುದು.

೨೦೨೩ರಲ್ಲಿ ಲೇಪ್ಲೆ ಮೊದಲಾದವರು ಈ ವಿಚಾರವನ್ನು ಪುನಃ ಪರಿಶೀಲಿಸಿ ಮುಖ್ಯವಾದ ಭೇದವೊಂದನ್ನು ಸ್ಪಷ್ಟಪಡಿಸಿದರು. ಭೂಮಂಡಲದ ಸರಾಸರಿ ಉಷ್ಣತೆಯ ದೀರ್ಘಕಾಲಿಕ ವ್ಯತ್ಯಯದಲ್ಲಿ ಪ್ರತಿಕೃತಿಗಳೂ ಸಾಕ್ಷ್ಯಗಳೂ ಹೊಂದುತ್ತವೆ. ಪ್ರದೇಶ ಪ್ರದೇಶಗಳ ವ್ಯತ್ಯಯದಲ್ಲಿ ಮಾತ್ರ ಪ್ರತಿಕೃತಿಗಳು ಕಡಮೆ ತೋರಿಸುತ್ತವೆ. ಈ ಭೇದವನ್ನು ಮರೆತವರು ಎರಡು ಬಗೆಯಾಗಿ ದಾರಿತಪ್ಪುವರು. ಪ್ರತಿಕೃತಿಗಳು ಸ್ವಾಭಾವಿಕ ವ್ಯತ್ಯಯವನ್ನು ಅರಿಯವು, ಆದುದರಿಂದ ಇಂದಿನ ಜಗದ್ವ್ಯಾಪಿಯಾದ ತಾಪವೂ ಸ್ವಾಭಾವಿಕವೇ ಎನ್ನುವವರಿಗೆ ಇಲ್ಲಿ ಆಧಾರವಿಲ್ಲ. ಸರಾಸರಿಯಲ್ಲಿ ಕೊರತೆಯು ಕಂಡಿಲ್ಲ. ಪ್ರತಿಕೃತಿಯು ಒಂದು ಕರಾವಳಿಗೆ, ಒಂದು ನದಿಯ ಜಲಾನಯನಕ್ಕೆ ಮುಂದಿನ ಐವತ್ತು ವರ್ಷಗಳಲ್ಲಿ ಹೇಳುವ ಮಿತಿಗಳನ್ನೇ ಪರಮಾವಧಿಯೆಂದು ನಂಬಿ ಅಣೆಕಟ್ಟಿನ ಎತ್ತರವನ್ನು ಗೊತ್ತುಮಾಡುವವರಿಗೂ ಆಧಾರವಿಲ್ಲ. ಆ ಮಿತಿಗಳು ಇರಬೇಕಾದುದಕ್ಕಿಂತ ಇಕ್ಕಟ್ಟಾಗಿರುವ ಸಂಭವವುಂಟು.

ಸಾಗರದ ಸ್ಮೃತಿಯು ಎಷ್ಟು ದೀರ್ಘವೆಂಬುದಕ್ಕೆ ಚಾಲೆಂಜರ್ ಎಂಬ ಬ್ರಿಟಿಷ್ ಹಡಗಿನ ದಾಖಲೆಗಳು ಉತ್ತಮ ನಿದರ್ಶನ. ೧೮೭೨ರ ಡಿಸೆಂಬರಿನಲ್ಲಿ ಹೊರಟು ೧೮೭೬ರ ಮೇ ತಿಂಗಳಲ್ಲಿ ಹಿಂದಿರುಗಿದ ಈ ಹಡಗು ಅಟ್ಲಾಂಟಿಕ್, ಪೆಸಿಫಿಕ್ ಮೊದಲಾದ ಸಾಗರಗಳ ಆಳಕ್ಕೆ ಹಗ್ಗದಲ್ಲಿ ಉಷ್ಣಮಾಪಕಗಳನ್ನು ಇಳಿಬಿಟ್ಟು ಅಳೆಯಿತು. ಆಳವನ್ನು ನಾವಿಕರು ಎಣಿಸಿದುದು ಮಾರುಗಳಲ್ಲಿ. ಎರಡು ಕೈಗಳನ್ನು ಚಾಚಿದ ಉದ್ದವೆಂಬ ಅರ್ಥವು ಅವರ ಮಾತಿಗೂ ಕನ್ನಡದ ಮಾತಿಗೂ ಸಮಾನ. ಇತ್ತ ೨೦೦೦ದ ಸುಮಾರಿಗೆ ಆರಂಭವಾದ ಆರ್ಗೊ ಎಂಬ ತೇಲುಯಂತ್ರಗಳ ಯೋಜನೆಯು ೨೦೦೭ರಲ್ಲಿ ಮೂರು ಸಾವಿರ ಯಂತ್ರಗಳನ್ನು ಮುಟ್ಟಿತು. ಅವು ಎರಡು ಸಾವಿರ ಮೀಟರುಗಳ ಆಳದ ವರೆಗೆ ಮುಳುಗಿ ಮೇಲೆದ್ದು ಅಂಕಿಗಳನ್ನು ಕಳುಹಿಸುವುವು. ೨೦೧೨ರಲ್ಲಿ ಡೀನ್ ರೆಮಿಕ್ ಮೊದಲಾದವರು ಚಾಲೆಂಜರಿನ ಅಂಕಿಗಳನ್ನು ಆರ್ಗೊವಿನ ಅಂಕಿಗಳೊಡನೆ ಹೋಲಿಸಿ, ಮೇಲ್ಮೈಯಲ್ಲಿ ಸುಮಾರು ೦.೫೯ ಡಿಗ್ರಿ, ಇನ್ನೂರು ಮಾರುಗಳ ಆಳದಲ್ಲಿ ೦.೩೯ ಡಿಗ್ರಿ, ಐನೂರು ಮಾರುಗಳ ಆಳದಲ್ಲಿ ೦.೧೨ ಡಿಗ್ರಿ ಉಷ್ಣತೆಯು ಏರಿದೆಯೆಂದು ಕಂಡರು.

ಇನ್ನೂ ಕೆಳಗೆ ಹೋದರೆ ಬೇರೆಯೇ ಸಂಗತಿ. ೨೦೧೯ರಲ್ಲಿ ಜೆಫ್ರಿ ಗೆಬ್ಬಿಯೂ ಹೈಬರ್ಸನೂ ಸಾಗರದ ಪ್ರತಿಕೃತಿಯೊಂದನ್ನು ಹಿಂದಿನ ಎರಡು ಸಹಸ್ರವರ್ಷಗಳ ಮೇಲ್ಮೈ ಉಷ್ಣತೆಯಿಂದ ನಡೆಸಿದಾಗ, ಪೆಸಿಫಿಕ್ ಸಾಗರದ ಆಳವು ಇನ್ನೂ ತಣಿಯುತ್ತಿರಬೇಕೆಂಬ ಫಲವು ಬಂದಿತು. ಅಲ್ಲಿಯ ನೀರು ಮೇಲ್ಮೈಯನ್ನು ಬಿಟ್ಟು ಅನೇಕ ಶತಮಾನಗಳಾಗಿವೆ. ಐರೋಪ್ಯ ಚರಿತ್ರೆಯಲ್ಲಿ ಕಿರುಹಿಮಯುಗವೆಂದು ಪ್ರಸಿದ್ಧವಾದ ಕಾಲದ ತಂಪು ಈಗ ಅಲ್ಲಿಗೆ ತಲಪುತ್ತಿದೆ. ೧೭೫೦ರಿಂದೀಚೆಗೆ ಆಳವು ಹೀಗೆ ಕಳೆದುಕೊಂಡ ಶಾಖವು ಮೇಲಣ ಸಾಗರವು ಗಳಿಸಿದ ಶಾಖದ ನಾಲ್ಕನೆಯ ಒಂದು ಪಾಲಿಗೆ ಸಮನೆಂದು ಅವರ ಲೆಕ್ಕ. ಇದನ್ನು ಪರೀಕ್ಷಿಸಲು ಇದ್ದ ಪ್ರಾಚೀನ ಪ್ರತ್ಯಕ್ಷವು ಚಾಲೆಂಜರಿನದೊಂದೇ. ಆಳದ ನೀರಿನ ಒತ್ತಡವು ಗಾಜನ್ನು ಅದುಮಿ ಅಂಕಿಯನ್ನು ಏರಿಸುವುದೆಂಬುದು ಆಗಲೇ ಶಂಕಿತವಾಗಿದ್ದು, ಎಡಿನ್‌ಬರೊವಿನ ಪೀಟರ್ ಗತ್ರಿ ಟೇಟ್ ಎಂಬ ಭೌತಶಾಸ್ತ್ರಜ್ಞನು ಆ ಉಷ್ಣಮಾಪಕಗಳನ್ನು ಒತ್ತಡಯಂತ್ರದಲ್ಲಿಟ್ಟು ಪರೀಕ್ಷಿಸಿ ವರದಿಯನ್ನು ಬರೆದಿದ್ದನು. ಅವನು ಕೊಟ್ಟ ತಿದ್ದುಪಡಿಯು ಒಂದು ಕಿಲೋಮೀಟರು ಆಳಕ್ಕೆ ಡಿಗ್ರಿಯ ನೂರರಲ್ಲಿ ನಾಲ್ಕು ಭಾಗದಷ್ಟು. ಆಳದ ತಂಪಾಗುವಿಕೆಯೂ ಡಿಗ್ರಿಯ ನೂರನೆಯ ಭಾಗಗಳ ಲೆಕ್ಕದ್ದೇ. ಪ್ರತಿಕೃತಿಯ ಮಾತಿಗೆ ಚಾಲೆಂಜರಿನ ಅಂಕಿ ಸಾಕ್ಷಿಯಾಗಿ ನಿಲ್ಲುವುದೂ ಬಿಡುವುದೂ ಟೇಟನ ಆ ತಿದ್ದುಪಡಿಯನ್ನು ಅವಲಂಬಿಸಿರುವುದು.